ಬರಗಾಲದ ಹಳಿ, ನಿಧಾನದ ಗಾಡಿ

ಭಾಗ 1

ದೋಸ್ತರ, ಮಳೆಗಾಲ ಬಂತಂದ್ರ ನಿಮ್ಮ ಫೀಡ್ ತುಂಬ ಒಂದೇ ರೈಲು. ದೂಧಸಾಗರದ ಬಿಳಿ ನೀರು, ಅದರ ಮುಂದ ಹಾದು ಹೋಗೂ ಗಾಡಿ, ಹಿಂದ ಒಂದು ಹಿಂದಿ ಹಾಡು. ಇಲ್ಲಾಂದ್ರ ಸಕಲೇಶಪುರ ಘಾಟು. 2021ರ ಜುಲೈದಾಗ ಯಶವಂತಪುರ–ಮಂಗಳೂರು ಗಾಡಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಜೋಡಿಸಿದ ಮ್ಯಾಲಂತೂ ಕೇಳೂದೇ ಬ್ಯಾಡ. ಚಂದ ಐತಿ, ಇಲ್ಲ ಅನ್ನೂದಿಲ್ಲ. ನಾನೂ ಲೈಕ್ ಒತ್ತಾಕಿನೇ.

ಆದ್ರ ನಮ್ಮ ಜಿಲ್ಲಾದ ನಡುವ ಒಂದು ಹಳಿ ಐತಿ. ಗದಗದಿಂದ ಹೊರಟು ಹೊಳೆಆಲೂರು, ಬಾದಾಮಿ, ಗುಳೇದಗುಡ್ಡ ರೋಡ್, ಬಾಗಲಕೋಟಿ, ಆಲಮಟ್ಟಿ, ವಿಜಯಪುರ, ಇಂಡಿ ರೋಡ್ ದಾಟಿ ಸೊಲ್ಲಾಪುರದ ಮಗ್ಗಲದ ಹೊಟಗಿಗೆ ಮುಟ್ಟತದ. ಸುಮಾರು 280 ಕಿ.ಮೀ. ಅದರ ಕಿಟಕಿಯಾಗಿಂದ ಕಾಣೂದನ್ನ ರೀಲ್ ಮಾಡಿದವರು ನನಗಂತೂ ಸಿಕ್ಕಿಲ್ಲ. ಜಲಪಾತ ಇಲ್ಲ, ಸುರಂಗ ಇಲ್ಲ, ಮಂಜು ಇಲ್ಲ. ಎರಿ ಹೊಲ, ಕೆಂಪು ಬಂಡೆ, ಹೊಳಿ, ಮತ್ತ ಎರಿ ಹೊಲ.

ನಮ್ಮ ಇಳಕಲ್ಲಿಗೆ ಆ ಹಳಿನೂ ಇಲ್ಲ. ಹುನಗುಂದ, ಅಮೀನಗಡ ದಾಟಿ ಬಸ್ಸಿನಾಗ ಬಾಗಲಕೋಟಿಗೆ ಹೋಗಬೇಕು, ಆಮ್ಯಾಲ ರೈಲು. ಹಂಗಾಗಿ ನಮಗ ರೈಲು ಅಂದ್ರ ಬೆಂಗಳೂರಿಗೆ ರಾತ್ರಿ ಮಲಕೊಂಡು ಹೋಗೂ ವಸ್ತು. ಹಗಲು ಹೊತ್ತಿನಾಗ, ಎಲ್ಲಾ ಸ್ಟೇಷನ್ನಿಗೂ ನಿಲ್ಲೂ ಗಾಡಿಯಾಗ, ಯಾವ ಕೆಲಸನೂ ಇಲ್ಲದ ಕಿಟಕಿ ಪಕ್ಕ ಕುಂತು ಹೋಗಿ ನೋಡ್ರಿ. ಆ ಸುಖದ ಬಗ್ಗೆ ಈ ಸರಣಿ. ಆದ್ರ ಅದಕ್ಕಿಂತ ಮೊದಲು ಈ ಹಳಿ ಇಲ್ಲಿ ಯಾಕ ಬಂತು ಅನ್ನೂದನ್ನ ಹೇಳಬೇಕು. ಅದು ಸುಖದ ಕಥೆ ಅಲ್ಲ.

ಭಾಗ 2

1876ರಾಗ ಮಳೆ ಕೈಕೊಟ್ಟಿತು. ಪಂಚಾಂಗದ ಲೆಕ್ಕದಾಗ ಧಾತು ಸಂವತ್ಸರ, ಮರುವರ್ಷ ಈಶ್ವರ. ಎರಡೂ ಹೆಸರು ಕೂಡಿಸಿ ಹಿರಿಯರು ಆ ಬರವನ್ನ ನೆನಪಿಟ್ಟರು. ಆಗ ನಮ್ಮ ಭಾಗ ಮುಂಬೈ ಪ್ರಾಂತ್ಯದ ಕಲಾದಗಿ ಜಿಲ್ಲೆಯಾಗಿತ್ತು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಈ ಜಿಲ್ಲೆಯ ಜನಸಂಖ್ಯೆ ಐದನೇ ಒಂದು ಪಾಲಿಗಿಂತ ಹೆಚ್ಚು ಇಳಿಯಿತು. ನಿಮ್ಮ ಕ್ಲಾಸಿನಾಗ 50 ಮಂದಿ ಅದೀರಿ ಅಂತ ತಿಳಕೊಳ್ರಿ. ಹತ್ತು ಮಂದಿಗಿಂತ ಹೆಚ್ಚು ಇಲ್ಲ. ಕೆಲವರು ಸತ್ತರು, ಕೆಲವರು ಊರು ಬಿಟ್ಟರು. ಜನಗಣತಿ ಅಷ್ಟೇ ಹೇಳತದ, ಯಾರು ಎಲ್ಲಿಗೆ ಹೋದರು ಅಂತ ಹೇಳೂದಿಲ್ಲ.

ಕಾಳು ಎಲ್ಲೂ ಇರಲಿಲ್ಲ ಅಂತಲ್ಲ. ಉತ್ತರಕ್ಕ ಸೊಲ್ಲಾಪುರದ ತನಕ ರೈಲು ಆಗಲೇ ಬಂದಿತ್ತು. ಅಲ್ಲಿಂದ ಈ ಕಡೆ ಚಕ್ಕಡಿಯೇ ಗತಿ. ಚಕ್ಕಡಿ ಎಳೀಬೇಕಾದ ಎತ್ತಿಗೆ ಮೇವಿಲ್ಲ, ನೀರಿಲ್ಲ. ಮೊದಲು ಸತ್ತಿದ್ದೇ ಅವು. ಅಂದ್ರ ಬರ ಬಂದಾಗ ಕಾಳಿನ ಜೊತೀಗೆ ಕಾಳು ತರೂ ದಾರಿನೂ ಒಣಗಿಹೋಗತದ.

ಸರ್ಕಾರ ಪರಿಹಾರ ಕಾಮಗಾರಿ ತೆರೀತು. ಕೆರಿ ಅಗೆಯೂದು, ರಸ್ತಾಕ್ಕ ಕಲ್ಲು ಒಡಿಯೂದು. ಖರ್ಚು ಉಳಸಾಕ ರಿಚರ್ಡ್ ಟೆಂಪಲ್ ಅನ್ನೂ ಅಧಿಕಾರಿ ಕೂಲಿ ಇಳಿಸಿದ: ಗಂಡಾಳಿಗೆ ದಿನಕ್ಕ ಒಂದು ಪೌಂಡ್ ಧಾನ್ಯ, ಮ್ಯಾಲೊಂದು ಆಣೆ. ಒಂದು ಪೌಂಡ್ ಅಂದ್ರ ಅರ್ಧ ಕಿಲೋಕ್ಕಿಂತ ಕಡಿಮಿ. ಇಡೀ ದಿನ ಕಲ್ಲು ಒಡೆದವರಿಗೆ. ಮುಂಬೈ ಪ್ರಾಂತ್ಯದ ಕಾಮಗಾರಿಗಳಾಗ ಸಾವಿರಾರು ಮಂದಿ ಹಸಿದ ಹೊಟ್ಟಿಯಾಗೇ ಕೆಲಸ ಬಿಟ್ಟು ಎದ್ದು ಹೋದರು. ಮುಷ್ಕರ ಅಂದ್ರ ಹೊಟ್ಟಿ ತುಂಬಿದವರ ಕೆಲಸ ಅಂತ ಯಾರರ ಹೇಳಿದ್ರ ಇದನ್ನ ಹೇಳ್ರಿ.

ಬರ ಮುಗಿದ ಮ್ಯಾಲ ಆಯೋಗ ಕುಂತಿತು. ರಿಚರ್ಡ್ ಸ್ಟ್ರಾಚಿ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಾಗ ವರದಿ ಕೊಟ್ಟಿತು. ಭಾರತಕ್ಕ ತುರ್ತಾಗಿ ಇನ್ನೂ 5,000 ಮೈಲಿ ರೈಲು ಬೇಕು ಅಂತ ಅದರಾಗಿತ್ತು. ಹಂಗ ಹುಟ್ಟಿದ ಹಳಿಗಳಿಗೆ ಕ್ಷಾಮ ರೈಲು ಅಂತಲೇ ಹೆಸರು ಬಿತ್ತು. ನಮ್ಮದು ಅದರಾಗೊಂದು.

ಭಾಗ 3

ಇದು ಬಿಕಾಂ ಮಂದಿಗೆ. ಉಳಿದವರು ಬೇಕಾದ್ರ ಮುಂದಿನ ಭಾಗಕ್ಕ ಹೋಗ್ರಿ, ಬೈಯೂದಿಲ್ಲ.

1882ರಾಗ ಸದರ್ನ್ ಮರಾಠಾ ರೈಲ್ವೆ ಅನ್ನೂ ಕಂಪನಿ ಸ್ಥಾಪನೆಯಾಯಿತು. ಶೇರುದಾರರು ಇಂಗ್ಲೆಂಡಿನಾಗ, ಹಳಿ ನಮ್ಮ ಎರಿ ಹೊಲದಾಗ. ಬರಗಾಲದ ಸೀಮೆಯಾಗ ರೈಲು ಹಾಕಿದ್ರ ಲಾಭ ಎಲ್ಲಿಂದ ಬರಬೇಕು? ಹಂಗಾಗಿ ಸರ್ಕಾರ ಗ್ಯಾರಂಟಿ ಕೊಟ್ಟಿತು: ಗಾಡಿ ಗಳಿಸಲಿ ಬಿಡಲಿ, ನೀವು ಹಾಕಿದ ಬಂಡವಾಳಕ್ಕ ಇಂತಿಷ್ಟು ಬಡ್ಡಿ ಖಾತ್ರಿ. 1850ರ ದಶಕದ ಹಳೇ ಕಂಪನಿಗಳಿಗೆ ಈ ಖಾತ್ರಿ 5% ಇತ್ತು. ಕಡಿಮಿ ಬಿದ್ದ ರೊಕ್ಕ ತುಂಬೂದು ಭಾರತದ ಖಜಾನೆ, ಅಂದ್ರ ಕಂದಾಯ ಕಟ್ಟೂ ರೈತರು. ಲಾಭ ಆದ್ರ ಪಾಲು ಅವರಿಗೆ, ನಷ್ಟ ಆದ್ರ ಭಾರ ನಮಗ. ರಿಸ್ಕ್ ಅನ್ನೂ ಪಾಠ ಓದೂ ಮುಂದ ಈ ಉದಾಹರಣೆ ನೆನಪಿಡ್ರಿ, ಪುಸ್ತಕದಾಗಿನ ಎಬಿಸಿ ಲಿಮಿಟೆಡ್‌ಕ್ಕಿಂತ ಚೊಲೊ ಐತಿ.

ಖರ್ಚು ಕಡಿಮಿ ಮಾಡಾಕ ಮೀಟರ್ ಗೇಜ್ ಹಾಕಿದರು. ಎರಡು ಹಳಿ ನಡುವ 1,000 ಮಿ.ಮೀ. ಹೊಟಗಿಯಾಗ ಕೂಡೂ ದೊಡ್ಡ ಲೈನು ಬ್ರಾಡ್ ಗೇಜ್, 1,676 ಮಿ.ಮೀ. ಒಂದರ ಗಾಡಿ ಇನ್ನೊಂದರ ಮ್ಯಾಲ ಓಡಂಗಿಲ್ಲ. ಹಂಗಾಗಿ ನಮ್ಮ ಕಡಿಂದ ಹೋದ ಹತ್ತಿ ಅಂಡಿಗಿ, ಜ್ವಾಳದ ಚೀಲ ಎಲ್ಲಾ ಹೊಟಗಿಯಾಗ ಹಮಾಲರ ಬೆನ್ನ ಮ್ಯಾಲ ಒಂದು ಡಬ್ಬಿಯಿಂದ ಇನ್ನೊಂದಕ್ಕ ಹೋಗಬೇಕು. ನಿಧಾನ ಅನ್ನೂದು ಈ ಲೈನಿನ ಹುಟ್ಟುಗುಣ. ಹಗುರ ಹಳಿ, ಸಣ್ಣ ಎಂಜಿನ್, ಒಂಟಿ ದಾರಿ.

1884ರಿಂದ ಗಾಡಿ ಓಡಾಕ ಹತ್ತಿದವು. ಬರದಿಂದ ಕಾಪಾಡಿತಾ? ಅರ್ಧ ಉತ್ತರ ಹೌದು. 1896–97ರಾಗ ಮತ್ತ ದೊಡ್ಡ ಬರ ಬಿತ್ತು, ವಿಜಯಪುರ ಜಿಲ್ಲೆಗೆ ಗಟ್ಟಿಯಾಗೇ ಬಿತ್ತು. ಈ ಸಲ ಕಾಳು ಬರಾಕ ದಾರಿ ಇತ್ತು. ಆದ್ರ ಕೊಳ್ಳಾಕ ಕೈಯಾಗ ರೊಕ್ಕ ಬೇಕಲ್ಲ? ಇನ್ನೊಂದು ಮಾತನ್ನ ಗಾಂಧೀಜಿ 1909ರ ಹಿಂದ್ ಸ್ವರಾಜ್‌ನಾಗ ಎತ್ತಿದರು: ರೈಲು ಬಂದ ಮ್ಯಾಲ ಜನ ಹೆಚ್ಚು ಧಾರಣೆ ಸಿಗೂ ಕಡೆ ಕಾಳು ಮಾರಿಬಿಡತಾರ, ಅದರಿಂದ ಬರ ಹೆಚ್ಚೇ ಆಗತದ ಅಂತ. ರೈಲಿಗೆ ಎರಡೂ ದಿಕ್ಕು ಇರತದ. ಕಾಳು ಒಳಗೂ ಬರತದ, ಹೊರಗೂ ಹೋಗತದ. ನನಗನಿಸೂದು, ರೈಲು ಇರದಿದ್ದ 1876ಕ್ಕಿಂತ ಇದ್ದ 1896 ಚೊಲೊ. ಆದ್ರ ಆ ಚೊಲೊ ಅನ್ನೂದಕ್ಕ ಬಡ್ಡಿ ಕಟ್ಟಿದವರು ಯಾರು ಅಂತನೂ ಗೊತ್ತಿರಬೇಕು.

ಮಾಲೀಕರ ಹೆಸರು ಬದಲಾಗಿದ್ದನ್ನ ಜಲ್ದಿ ಹೇಳಿ ಮುಗಸ್ತೀನಿ: 1908ರಾಗ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ, 1951ರಾಗ ದಕ್ಷಿಣ ರೈಲ್ವೆ, 1966ರಾಗ ದಕ್ಷಿಣ ಮಧ್ಯ, 2003ರಿಂದ ಹುಬ್ಬಳ್ಳಿ ಕೇಂದ್ರದ ನೈಋತ್ಯ ರೈಲ್ವೆ.

ಭಾಗ 4

ಈಗ ಕಿಟಕಿ ಪಕ್ಕ ಕುಂದರ್ರಿ.

ಡಿಸೆಂಬರ್ ಕೊನಿ ಇಲ್ಲಾ ಜನವರಿಯಾಗ ಹೋಗ್ರಿ, ಬ್ಯಾಸಗಿಯಾಗ ಬ್ಯಾಡ. ಗದಗ ಬಿಟ್ಟ ಮ್ಯಾಲ ಎರಡೂ ಕಡೆ ಎರಿ ಭೂಮಿ. ಹಿಂಗಾರಿ ಜ್ವಾಳ ಆಳೆತ್ತರ ನಿಂತಿರತದ, ನಡುನಡುವ ಕುಸುಬಿಯ ಹಳದಿ, ಕಡ್ಲಿಯ ಕುಳ್ಳ ಹಸಿರು. ಹಾಲುಗಾಳಿನ ಹೊತ್ತಿಗೆ ಹೋದ್ರ ಬದುವಿನ ಮ್ಯಾಲ ಸೀತನಿ ಸುಡೂ ಹೊಗಿ ಕಾಣತದ. ಗಾಡಿ ಜೋರಿದ್ರ ಇದು ಯಾವುದೂ ಕಾಣೂದಿಲ್ಲ, ಹಸಿರು ಗೀರು ಅಷ್ಟೇ. ಪ್ಯಾಸೆಂಜರ್ ಗಾಡಿಯಾಗ ತೆನಿ ಎಣಸಬಹುದು. ಸುಳ್ಳಲ್ಲ, ಸ್ಟೇಷನ್ ಹತ್ರ ಬಂದಾಗ ಎಣಸಬಹುದು.

ಹೊಳೆಆಲೂರು ಹತ್ರ ಮಲಪ್ರಭಾ ದಾಟತೀರಿ. ಫೋನ್ ಕೆಳಗಿಟ್ಟು ನೋಡ್ರಿ. ಇದೇ ನೀರು ಮುಂದ ಪಟ್ಟದಕಲ್ಲಿನ ಗುಡಿಗಳ ಪಕ್ಕ, ಐಹೊಳೆಯ ಪಕ್ಕ ಹರಿದು, ಕೂಡಲಸಂಗಮದಾಗ ಕೃಷ್ಣೆಯ ಕೂಡ ಕೂಡತದ. ಚಾಲುಕ್ಯರ ಇಡೀ ಕಥೆ ಈ ಒಂದು ಹೊಳಿ ದಂಡಿಗೆ ಐತಿ. ನೀವು ಅದನ್ನ ಅರ್ಧ ನಿಮಿಷದಾಗ ದಾಟಿಬಿಡತೀರಿ.

ಆಮ್ಯಾಲ ಮಣ್ಣಿನ ಬಣ್ಣ ಬದಲಾಗತದ. ಕರಿ ಹೋಗಿ ಕೆಂಪು. ದೂರದಾಗ ಚಪ್ಪಟಿ ತಲಿಯ ಮರಳುಗಲ್ಲಿನ ಗುಡ್ಡಗಳು ಏಳತಾವ. ಬಾದಾಮಿ ಬಂತು ಅಂತ ಬೋರ್ಡ್ ನೋಡೂಕಿಂತ ಮೊದಲೇ ಕಲ್ಲು ಹೇಳತದ. ಮಂಗಳೇಶ 578ರಾಗ ಶಾಸನ ಬರಸಿದ ಮೂರನೇ ಗುಹೆ ಇರೂದು ಇದೇ ಕಲ್ಲಿನಾಗ. ಆದ್ರ ರೈಲಿನಿಂದ ಗುಹೆ ಕಾಣೂದಿಲ್ಲ. ಸ್ಟೇಷನ್ನು ಊರಿಂದ ಸುಮಾರು 5 ಕಿ.ಮೀ. ದೂರ. ಆ 5 ಕಿ.ಮೀ.ದಾಗ ಟಾಂಗಾದವರ ಎಷ್ಟೋ ಸಂಸಾರ ನಡದಾವು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರಿ, ತಿಂಗಳಗಟ್ಟಲೆ ನಾಟಕ ಕಂಪನಿಗಳ ತಂಬು. ನಮ್ಮ ಆಯಿ ಹೇಳೂ ಪ್ರಕಾರ, ಜಾತ್ರಿಗೆ ಹೋಗೂ ಗಾಡಿಯಾಗ ಕಿಟಕಿ ಪಕ್ಕ ಕುಂತವರ ಕಣ್ಣಾಗ ಕಲ್ಲಿದ್ದಲ ಕಣ ಬೀಳತಿದ್ದವಂತ. ಸೆರಗಿನ ಚುಂಗಿಗೆ ಬಾಯಿಗಾಳಿ ಊದಿ ಬಿಸಿ ಮಾಡಿ ಕಣ್ಣಿಗೆ ಒತ್ತಕೊಂಡು, ಮತ್ತ ಹೊರಗ ನೋಡೂದು. ಕಿಟಕಿ ಬಿಟ್ಟು ಏಳತಿರಲಿಲ್ಲ.

ರೈಲು ಬರೂಕಿಂತ ಮೊದಲು ಇಲ್ಲಿಗೆ ಯಾರು ಬರತಿದ್ದರು? 1874ರ ಜನವರಿಯಿಂದ ಮೇ ತನಕ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳನ್ನ ಸುತ್ತಿ ಗುಡಿ ಗುಹೆಗಳ ಸರ್ವೇ ಮಾಡಿದರು. ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆಯ ಮೊದಲ ಹಂಗಾಮಿನ ಕೆಲಸವೇ ಅದು. ಹತ್ತು ವರ್ಷ ತಡಮಾಡಿದ್ದರ ಗಾಡಿಯಾಗ ಬರಬಹುದಿತ್ತು. ನಡುವಿನ ಆ ಹತ್ತು ವರ್ಷದಾಗೇ ಬರ ಬಂದು ಹೋಯಿತು. ಬರ್ಜೆಸ್ ನೋಡಿದ ಊರುಗಳಾಗ ಆಗ ಇದ್ದ ಮಂದಿ, ಮೊದಲ ರೈಲು ಬಂದಾಗ ಅಷ್ಟೂ ಇರಲಿಲ್ಲ. ಕೆಂಪು ಬಂಡಿ ಮಾತ್ರ ಹಂಗೇ ಇತ್ತು.

ಭಾಗ 5

ಗುಳೇದಗುಡ್ಡ ರೋಡ್. ಇಂಡಿ ರೋಡ್. ಈ ರೋಡ್ ಅನ್ನೂದು ಏನು ಅಂತ ಕೇಳೀರೇನು? ಊರು ಇಲ್ಲಿಲ್ಲ, ಊರಿಗೆ ಹೋಗೂ ರಸ್ತಾ ಇಲ್ಲೈತಿ ಅಂತ ಅರ್ಥ. ಹಳಿ ಹಾಕೂ ಎಂಜಿನಿಯರ್ ಸಪಾಟ ಜಾಗ ಹುಡುಕಿ ಹೋಗಿಬಿಡತಾನ; ಗುಡ್ಡದ ಆಚಿ ಇರೂ ಊರು ಚಕ್ಕಡಿ ಹೂಡಿಕೊಂಡು ಹಳಿಗೆ ಬರಬೇಕು.

ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರಿ, ಎರಡೂ ಹಂಗ ಬಂದು ರೈಲು ಹತ್ತಿದಂಥವು. ಆದ್ರ ಅದೇ ರೈಲು ಗಿರಣಿ ಬಟ್ಟಿನೂ ಇಳಿಸಿತು. ಸೊಲ್ಲಾಪುರದಾಗ 1870ರ ದಶಕದಾಗೇ ಬಟ್ಟಿ ಗಿರಣಿ ಶುರುವಾಗಿತ್ತು, ಮುಂಬೈದಾಗ ಅದಕ್ಕಿಂತ ಮೊದಲು. ಅಗ್ಗದ ಗಿರಣಿ ಬಟ್ಟಿ ಬಂದಾಗ ಒರಟು ಬಟ್ಟಿ ನೇಯೂವರು ಸೋತರು. ನಮ್ಮ ಓಣಿಯ ಮಗ್ಗ ಯಾಕ ಉಳೀತು? ಒಂದು ಕಾರಣ ಕೊಂಡಿ. ಇಳಕಲ್ ಸೀರಿಯಾಗ ಮೈಯ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಒಂದೊಂದು ಎಳಿಗೂ ಕೊಂಡಿ ಹಾಕಿ ಕೂಡಸ್ತಾರ. ಆಮ್ಯಾಲ ಟೋಪ್ ತೆನಿ ಸೆರಗು. ಇದು ಗಿರಣಿಯ ಜೋರಿಗೆ ಒಗ್ಗೂ ಕೆಲಸ ಅಲ್ಲ. ಗಿರಣಿ ನೂಲನ್ನ ಮಾತ್ರ ನೇಕಾರರು ತಗೊಂಡರು, ಬಟ್ಟಿನ ತಾವೇ ನೇಯ್ದರು. ರೈಲು ತಂದದ್ದರಾಗ ಬೇಕಾದ್ದು ಆರಿಸಿಕೊಂಡು ಬದುಕಿದವರು ಅವರು.

(ನಮ್ಮ ಸೀರಿ ದಡಿಗಳಾಗ ಗಾಡಿ ಅಂತನೂ ಒಂದು ಐತಿ. ಅದಕ್ಕೂ ರೈಲಿಗೂ ಸಂಬಂಧ ಹಚ್ಚಿ ಕಮೆಂಟ್ ಹಾಕಬ್ಯಾಡ್ರಿ.)

ಭಾಗ 6

ಬಾಗಲಕೋಟಿ ಬಂತು. ಇಲ್ಲಿಂದ ಪಶ್ಚಿಮಕ್ಕ ಕಲಾದಗಿ. ಜಿಲ್ಲೆಯ ಹೆಸರೇ ಕಲಾದಗಿ ಇತ್ತು ಅಂದ್ನೆಲ್ಲ, ರೈಲು ಆ ಊರಿಗೆ ಹೋಗಲಿಲ್ಲ, ವಿಜಯಪುರಕ್ಕ ಹೋಯಿತು. 1885ರಾಗ ಜಿಲ್ಲಾ ಕೇಂದ್ರನೂ ವಿಜಯಪುರಕ್ಕ ಹೋಯಿತು. ಕಲಾದಗಿಯ ಹೆಸರು ಈಗ ಉಳಿದಿರೂದು ದಾಳಿಂಬ್ರಿ, ಚಿಕ್ಕು ಮಾರೂವರ ಬಾಯಾಗ ಮತ್ತು ಭೂವಿಜ್ಞಾನದ ಪುಸ್ತಕದಾಗ: ಬಾದಾಮಿ ಬಂಡಿಗಳನ್ನೂ ಒಳಗೊಂಡ ಇಡೀ ಶಿಲಾಸಮೂಹಕ್ಕ ಅವರು ಕಲಾದಗಿ ಅಂತಲೇ ಕರೀತಾರ. ಕಚೇರಿ ಹೋದ್ರೂ ಕಲ್ಲು ಹೆಸರು ಬಿಡಲಿಲ್ಲ.

ಸೀತಿಮನಿ ದಾಟಿದ ಮ್ಯಾಲ ಕೃಷ್ಣಾ. ಈ ಇಡೀ ದಾರಿಯ ಚಂದ ಜಾಗ ಇದೇ ಅಂತ ನನ್ನ ಮತ. ನೀರು ಎಷ್ಟು ಅಗಲ ಅಂದ್ರ ಗಾಡಿಯಾಗಿನ ಮಾತೆಲ್ಲ ನಿಲ್ಲತದ. ಕೆಲವರು ಕಿಟಕಿಯಾಗಿಂದ ನಾಣ್ಯ ಒಗದು ಕೈಮುಗೀತಾರ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದುರ್ ಶಾಸ್ತ್ರಿ 1964ರಾಗ ಅಡಿಗಲ್ಲು ಹಾಕಿದರು. ಆ ಹಿನ್ನೀರಿನ ಕೆಳಗ ಎಷ್ಟೋ ಹಳ್ಳಿ, ಹಳೇ ಬಾಗಲಕೋಟಿಯ ಓಣಿಗಳೂ ಹೋದವು. ನಿಮ್ಮ ಕ್ಲಾಸಿನಾಗ ನವನಗರದವರು ಇದ್ರ ಕೇಳ್ರಿ, ಅವರ ಅಜ್ಜನ ಮನಿ ಎಲ್ಲಿತ್ತು ಅಂತ. ಕೈ ನೀರಿನ ಕಡೆ ತೋರಸ್ತಾರ.

ಇನ್ನೊಂದು ಮಾತು. ಈ ಹಳಿ ಮಲಪ್ರಭಾ, ಕೃಷ್ಣಾ, ಭೀಮಾ ಮೂರೂ ದಾಟತದ. ಮೂರು ದೊಡ್ಡ ಹೊಳಿ ಇರೂ ಸೀಮೆಯಾಗ ಬರಕ್ಕಂತ ರೈಲು ಹಾಕಬೇಕಾತು. ಹೊಳಿ ಕಣ್ಣಿಗೆ ಸಿಗತಿತ್ತು, ಹೊಲಕ್ಕ ಸಿಗತಿರಲಿಲ್ಲ.

ಆಲಮಟ್ಟಿಯಿಂದ ಆಚಿ ಬಯಲು. ನಿದ್ದಿ ಬಂದ್ರ ತಪ್ಪಿಲ್ಲ. ವಿಜಯಪುರದ ಹತ್ರ ಮಾತ್ರ ಏಳ್ರಿ: 1656ರ ಗೋಳಗುಮ್ಮಟ ಮೊದಲು ಒಂದು ಗುಳ್ಳಿಯಷ್ಟು ಕಾಣತದ, ನಿಧಾನಕ್ಕ ಊದಿಕೊಂತ ಬರತದ. ಕಾರಿನಾಗ ಹೋದವರಿಗೆ ಅದು ಒಮ್ಮೆಲೇ ಎದುರಿಗೆ ಬಂದು ನಿಲ್ಲತದ. ರೈಲಿನವರಿಗೆ ಅದು ಬೆಳಕೊಂತ ಬರತದ.

ಭಾಗ 7

ಹಳೇ ನಿಧಾನಕ್ಕ ಒಂದು ಕಾರಣ ಒಂಟಿ ಹಳಿ. ಎದುರಿನ ಗಾಡಿ ಬಂದು ದಾಟೂ ತನಕ ನಿಮ್ಮ ಗಾಡಿ ಸಣ್ಣ ಸ್ಟೇಷನ್ನಿನಾಗ ನಿಲ್ಲಬೇಕು. ಕ್ರಾಸಿಂಗ್ ಅಂತಾರ. ಆ ಹೊತ್ತಿನಾಗ ಮಂದಿ ಇಳದು ಬೇವಿನ ಗಿಡದ ಕೆಳಗ ಬುತ್ತಿ ಬಿಚ್ಚತಿದ್ದರು, ಶೇಂಗಾ ಹಿಂಡಿ ಪಕ್ಕದವರ ರೊಟ್ಟಿಗೂ ಬೀಳತಿತ್ತು. ಈ ಶತಮಾನದ ಮೊದಲ ದಶಕದಾಗ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಈಗ ಜೋಡಿ ಹಳಿ, ಮ್ಯಾಲ ಕರೆಂಟ್ ತಂತಿ. ಕ್ರಾಸಿಂಗ್ ಹೋತು ಅಂತ ಅಳೂದು ನನಗ ಸರಿ ಅನಸೂದಿಲ್ಲ. ಹುಬ್ಬಳ್ಳಿ ದವಾಖಾನಿಗೆ ಹೊಂಟವರಿಗೆ ಕ್ರಾಸಿಂಗ್ ಅಂದ್ರ ಸುಖ ಅಲ್ಲ, ಸಂಕಟ.

ನಾನು ಹೆದರೂದು ಬ್ಯಾರೆ ವಿಷಯಕ್ಕ. ನಿಧಾನದ ಸುಖ ಯಾರದಾಗತದ ಅನ್ನೂದು. 2008ರಿಂದ ಗೋಲ್ಡನ್ ಚಾರಿಯಟ್ ಅನ್ನೂ ಐಷಾರಾಮಿ ಗಾಡಿ ಬಾದಾಮಿ ಸೀಮೆಗೆ ಪ್ರವಾಸಿಗರನ್ನ ತಂದೈತಿ. ಅದರ ಬೋಗಿಗಳಿಗೆ ಚಾಲುಕ್ಯ, ಆದಿಲ್‌ಶಾಹಿ ಅಂತ ರಾಜಮನೆತನದ ಹೆಸರು, ಟಿಕೆಟ್ ಲಕ್ಷಗಟ್ಟಲೆ. ಅದೇ ಹಳಿ ಮ್ಯಾಲ ಓಡೂ ಪ್ಯಾಸೆಂಜರ್ ಗಾಡಿಗಳಿಗೆ ಕೋವಿಡ್ ಹೊತ್ತಿನಾಗ ಎಕ್ಸ್‌ಪ್ರೆಸ್ ದರ ಹಚ್ಚಿ ಕನಿಷ್ಠ ಟಿಕೆಟ್ 10 ರೂಪಾಯಿಂದ 30ಕ್ಕ ಏರಿಸಿದರು. ದೇಶದಾಗೆಲ್ಲ ಹಂಗೇ. ಮತ್ತ 10ಕ್ಕ ಇಳಿದದ್ದು 2024ರ ಫೆಬ್ರವರಿಯಾಗ. 20 ರೂಪಾಯಿ ಫರಕು ನಿಮಗ ಒಂದು ಪ್ಲೇಟ್ ಗಿರ್ಮಿಟ್. ದಿನಾ ಬಾಗಲಕೋಟಿಗೆ ಕಾಯಿಪಲ್ಲೆ ಬುಟ್ಟಿ ತರೂ ಅಕ್ಕಾರಿಗೆ ಅದು ಲಾಭನೇ.

ಜನರಲ್ ಬೋಗಿಯಾಗ ಒಮ್ಮೆ ಹೋಗ್ರಿ. ಗೋವಾಕ್ಕ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೊಂಟ ಸಂಸಾರ ಸಿಗತಾವ: ಚೀಲ, ಸ್ಟೋವ್, ಮಲಗಿದ ಕೂಸು. ಬರಗಾಲದಾಗ ಕಾಳು ತರಾಕ ಹಾಕಿದ ಹಳಿ ಈಗ ಮಂದಿನ್ನ ಒಯ್ಯತದ. ಅವರೂ ಕಿಟಕಿಯಾಗಿಂದ ಹೊರಗೇ ನೋಡತಿರತಾರ. ಕೂಸಿಗೆ ಹೊಳಿ ತೋರಸ್ತಾರ, ನವಿಲು ತೋರಸ್ತಾರ. ಆ ನೋಟಕ್ಕ ಬ್ಯಾರೆ ಟಿಕೆಟ್ ಇಲ್ಲ, ಸದ್ಯ.

ಇನ್ನ ನಮ್ಮೂರ ಸುದ್ದಿ. ಗದಗ–ವಾಡಿ ಹೊಸ ಲೈನಿನ ತಳಕಲ್–ಕುಷ್ಟಗಿ ತುಂಡು ಮುಗಿದು 2025ರ ಮೇದಾಗ ಕುಷ್ಟಗಿ–ಹುಬ್ಬಳ್ಳಿ ಗಾಡಿ ಶುರುವಾತು. ಕುಕನೂರು, ಯಲಬುರ್ಗಾ ಮ್ಯಾಲ ಹಾದು ಹೋಗತದ. ಇಳಕಲ್ಲಿಂದ ಕುಷ್ಟಗಿ ಇಪ್ಪತ್ತು ಚಿಲ್ಲರೆ ಕಿ.ಮೀ., ಬಸ್ ಹತ್ತಿದ್ರ ಅರ್ಧ-ಮುಕ್ಕಾಲು ತಾಸು. ಅಲ್ಲಿಂದ ಆ ಹಳಿ ಲಿಂಗಸುಗೂರು ಕಡೆ ಹೋಗತದ, ನಮ್ಮೂರಿಗೆ ಬರೂದಿಲ್ಲ. ಇಳಕಲ್ ರೋಡ್ ಅಂತ ಒಂದು ಸ್ಟೇಷನ್ ಬೋರ್ಡ್ ಇದ್ದಿದ್ರ ಅಂತ ನನಗೊಂದು ಆಸೆ.

ಪರೀಕ್ಷಾ ಮುಗಿದ ಮ್ಯಾಲ ಒಂದು ರವಿವಾರ ಹೋಗೂನು. ಕುಷ್ಟಗಿಯಿಂದ ಗದಗ, ಗದಗದಿಂದ ಬಾದಾಮಿ, ವಾಪಸ್ ಬಸ್ಸು. ಬರೂವರು ಕಮೆಂಟ್‌ನಾಗ ಹೆಸರು ಹಾಕ್ರಿ. ರೊಟ್ಟಿ, ಶೇಂಗಾ ಹಿಂಡಿ, ಮೊಸರು ನನ್ನ ಜವಾಬ್ದಾರಿ. ಅಮೀನಗಡದ ಕರದಂಟು ಹುನಗುಂದದ ಕಡಿಂದ ಬರೂವರು ತರಬೇಕು. ಕಿಟಕಿ ಸೀಟು ಹೊಳೆಆಲೂರು ತನಕ ನಿಮ್ಮದು, ಅಲ್ಲಿಂದ ಬಾದಾಮಿ ತನಕ ನನ್ನದು.

#ಇಳಕಲ್ #ಬಾದಾಮಿ #ಗದಗಹೊಟಗಿ #ನಮ್ಮೂರಇತಿಹಾಸ